ಕಲ್ಯಾಣದ ಕನ್ನಡ ಮನೆಗೆ ಎಚ್‌ಡಿ: ಸಿಗ್ನಲ್‌ಗೆ ಗಡಿಯಿಲ್ಲ, ಪ್ಯಾಕ್‌ಗೆ ಇದೆ

ಮುಂಬೈ ಪಕ್ಕದ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳ ಕನ್ನಡಿಗರ ಮನೆಗಳಲ್ಲಿ ಸಂಜೆಯಾದರೆ ರಿಮೋಟ್‌ಗೆ ಪೈಪೋಟಿ. ಹಿರಿಯರಿಗೆ ಕನ್ನಡ ಧಾರಾವಾಹಿ ಬೇಕು. ಮಕ್ಕಳಿಗೆ ಹಿಂದಿ ಇಲ್ಲವೇ ಮರಾಠಿ ಕಾರ್ಟೂನ್ ಬೇಕು. ಕ್ರಿಕೆಟ್ ಇದ್ದರೆ ಎಲ್ಲರಿಗೂ ಕ್ರಿಕೆಟ್ಟೇ ಬೇಕು. ಇದು ಹಳೆಯ ಜಗಳ. ದೊಡ್ಡ ಎಲ್‌ಇಡಿ ಟಿವಿ ಮನೆಗೆ ಬಂದ ಮೇಲೆ ಇದರ ಜೊತೆಗೆ ಇನ್ನೊಂದು ದೂರು ಸೇರಿಕೊಂಡಿದೆ: ಮರಾಠಿ, ಹಿಂದಿ ಚಾನೆಲ್‌ಗಳು ಕನ್ನಡಿಯಂತೆ ಸ್ಪಷ್ಟವಾಗಿ ಕಾಣುತ್ತವೆ, ಕನ್ನಡ ಚಾನೆಲ್ ಮಾತ್ರ ಮಸುಕು ಮಸುಕು.

ಕನ್ನಡದಲ್ಲಿ ಎಚ್‌ಡಿ ವಾಹಿನಿಗಳಿಲ್ಲ ಎಂದು ಇದಕ್ಕೆ ಅರ್ಥವಲ್ಲ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಈ ನಾಲ್ಕೂ ಪ್ರಮುಖ ಮನರಂಜನಾ ವಾಹಿನಿಗಳು 2016ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ಎಚ್‌ಡಿ ರೂಪ ಪಡೆದಿವೆ. ಅವು ಉಪಗ್ರಹದಿಂದ ಇಡೀ ದೇಶದ ಮೇಲೆ ಇಳಿಯುತ್ತಿವೆ. ಬೆಂಗಳೂರಿನ ಛಾವಣಿಗೆ ಬೀಳುವ ಸಿಗ್ನಲ್ಲೇ ಡೊಂಬಿವಲಿಯ ಛಾವಣಿಗೂ ಬೀಳುತ್ತದೆ. ಹಾಗಾದರೆ ಕನ್ನಡದ ಎಚ್‌ಡಿ ಚಿತ್ರ ಮನೆಯ ಪರದೆಗೆ ಬರುವ ದಾರಿಯಲ್ಲಿ ಎಲ್ಲಿ ತಪ್ಪಿಹೋಗುತ್ತಿದೆ?

ಇದಕ್ಕೆ ತಂತ್ರಜ್ಞಾನ ಒಂದು ಪಾಲು ಕಾರಣ. ದೊಡ್ಡ ಪಾಲು ಇರುವುದು ಬೆಲೆಪಟ್ಟಿಯಲ್ಲಿ ಮತ್ತು ನಿಯಮಗಳ ಲೆಕ್ಕಾಚಾರದಲ್ಲಿ.

ಚಾನೆಲ್ ಕೆಡಲಿಲ್ಲ, ಟಿವಿ ದೊಡ್ಡದಾಯಿತು

ಮೊದಲು ಮಸುಕಿನ ವಿಷಯ. ನಮ್ಮಲ್ಲಿ ಎಸ್‌ಡಿ ಅಂದರೆ ಸಾಮಾನ್ಯ ಗುಣಮಟ್ಟದ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಒಟ್ಟು 4,14,720. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 ಮತ್ತು 1080. ಒಟ್ಟು 20,73,600. ಅಂದರೆ ಸರಿಯಾಗಿ ಐದು ಪಟ್ಟು.

ಆದರೆ ಇದೇ ಎಸ್‌ಡಿ ಚಿತ್ರವನ್ನು 20 ವರ್ಷಗಳ ಹಿಂದೆ ಯಾರೂ ಮಸುಕು ಎನ್ನುತ್ತಿರಲಿಲ್ಲ. ಆಗ ಮನೆಗಳಲ್ಲಿದ್ದದ್ದು 21 ಇಂಚಿನ ಡಬ್ಬ ಟಿವಿ. ಅದರ ಪರದೆಯ ಎತ್ತರ ಸುಮಾರು 32 ಸೆಂಟಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣಿಗೆ ಎಸ್‌ಡಿ ಚಿತ್ರದ ಗೆರೆಗಳು ಬೇರೆ ಬೇರೆಯಾಗಿ ಕಾಣದಿರಬೇಕಾದರೆ ಪರದೆಯ ಎತ್ತರದ ಆರು ಪಟ್ಟು ದೂರ ಕೂರಬೇಕು. 21 ಇಂಚಿನ ಟಿವಿಗೆ ಆ ದೂರ ಆರು ಅಡಿಯಷ್ಟೇ. ಚಾಳಿನ ಒಂದು ಕೋಣೆಯ ಮನೆಯಲ್ಲೂ ಅಷ್ಟು ದೂರ ಸಿಗುತ್ತಿತ್ತು.

ಈಗ ಅದೇ ಗೋಡೆಗೆ 43 ಇಂಚಿನ ಟಿವಿ ಬಂದಿದೆ. ಅದರ ಪರದೆಯ ಎತ್ತರ ಸುಮಾರು 53 ಸೆಂಟಿಮೀಟರ್. ಎಸ್‌ಡಿ ಚಿತ್ರ ಚೆನ್ನಾಗಿ ಕಾಣಬೇಕೆಂದರೆ ಹತ್ತು ಅಡಿಗಿಂತ ಹಿಂದಕ್ಕೆ ಕೂರಬೇಕು. ಡೊಂಬಿವಲಿ, ಠಾಕುರ್ಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟ್‌ಗಳ ಹಾಲ್‌ನಲ್ಲಿ ಸೋಫಾ ಮತ್ತು ಟಿವಿಯ ನಡುವೆ ಅಷ್ಟು ಜಾಗ ಎಲ್ಲಿ? ಎಚ್‌ಡಿ ಚಿತ್ರವಾದರೆ ಐದೂವರೆ ಅಡಿ ದೂರವಿದ್ದರೂ ಸಾಕು. ಅಂದರೆ ಎಚ್‌ಡಿ ಹೆಚ್ಚು ಬೇಕಾಗಿರುವುದು ಬಂಗಲೆಯವರಿಗಲ್ಲ. ಸಣ್ಣ ಮನೆಯಲ್ಲಿ ದೊಡ್ಡ ಟಿವಿ ಇಟ್ಟುಕೊಂಡ ಮಧ್ಯಮ ವರ್ಗದವರಿಗೆ ಅದು ಹೆಚ್ಚು ಬೇಕು.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಇನ್ನಷ್ಟು ಮನೆಗಳಿಗೆ ದೊಡ್ಡ ಟಿವಿ ಬರಲಿದೆ. ಮಸುಕಿನ ದೂರೂ ಅದರ ಹಿಂದೆಯೇ ಬರಲಿದೆ.

ಎಚ್‌ಡಿ ಎಂಬ ಚೀಟಿ ಅಂಟಿಸಿದರೆ ಸಾಲದು

ಪರದೆಯ ಮೂಲೆಯಲ್ಲಿ ಎಚ್‌ಡಿ ಎಂದು ಬರೆದಿದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿರುತ್ತದೆ ಎಂದಲ್ಲ. ಚಿತ್ರ ಮೂರು ಕಡೆ ಸೋಸಿಕೊಂಡು ಬರುತ್ತದೆ.

ಮೊದಲನೆಯದು ಮೂಲ. ಇಂದಿನ ಧಾರಾವಾಹಿ, ರಿಯಾಲಿಟಿ ಶೋಗಳು ಎಚ್‌ಡಿ ಕ್ಯಾಮೆರಾದಲ್ಲೇ ಚಿತ್ರೀಕರಣವಾಗುತ್ತವೆ. ಆದರೆ ಮಧ್ಯಾಹ್ನ ಬರುವ ಹಳೆಯ ಸಿನಿಮಾ ಹಾಗಲ್ಲ. 35 ಎಂಎಂ ರೀಲಿನಲ್ಲಿ ಎಚ್‌ಡಿಗೂ ಮೀರಿದ ವಿವರ ಅಡಗಿರುತ್ತದೆ. ಆದರೆ ಟಿವಿಗೆಂದು ಹಿಂದೆ ಮಾಡಿಟ್ಟ ಟೇಪ್ ಎಸ್‌ಡಿಯದ್ದಾಗಿದ್ದರೆ ಎಚ್‌ಡಿ ಚಾನೆಲ್‌ನಲ್ಲಿ ಕಾಣುವುದು ಹಿಗ್ಗಿಸಿದ ಎಸ್‌ಡಿ ಚಿತ್ರವೇ.

ಎರಡನೆಯದು ಒತ್ತಡ. ಉಪಗ್ರಹದ ಒಂದೊಂದು ಟ್ರಾನ್ಸ್‌ಪಾಂಡರ್ ಹೊರುವ ದತ್ತಾಂಶಕ್ಕೆ ಮಿತಿಯಿದೆ. ಎಚ್‌ಡಿ ಚಾನೆಲ್ ಎಸ್‌ಡಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಡಿಟಿಎಚ್ ಕಂಪನಿಗಳು ಹಲವು ಚಾನೆಲ್‌ಗಳನ್ನು ಒತ್ತಿ, ಕುಗ್ಗಿಸಿ ಒಂದೇ ಟ್ರಾನ್ಸ್‌ಪಾಂಡರ್‌ಗೆ ತುಂಬುತ್ತವೆ. ಬೆಳಗ್ಗೆ ಎಂಟಕ್ಕೆ ಕಲ್ಯಾಣದಿಂದ ಸಿಎಸ್‌ಎಂಟಿಗೆ ಹೊರಡುವ ಫಾಸ್ಟ್ ಲೋಕಲ್‌ನಂತೆ: ಬೋಗಿ ಅಷ್ಟೇ, ಜನ ಎಷ್ಟಾದರೂ ಹತ್ತಬಹುದು. ಒಂದು ಚಾನೆಲ್‌ನಲ್ಲಿ ದೃಶ್ಯ ನಿಧಾನವಾಗಿದ್ದಾಗ ಅದರ ಜಾಗವನ್ನು ಪಕ್ಕದ ಚಾನೆಲ್‌ಗೆ ಕೊಡುವ ವ್ಯವಸ್ಥೆಯೂ ಇದೆ. ಆದರೆ ಎಲ್ಲ ಕಡೆ ಒಟ್ಟಿಗೆ ಓಟ, ಕುಣಿತ, ಕ್ರಿಕೆಟ್ ಶುರುವಾದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ನಿಂತ ಮುಖ ಸ್ಪಷ್ಟವಾಗಿ ಕಂಡು, ಓಡುವ ಚೆಂಡಿನ ಸುತ್ತ ಹುಲ್ಲು ಕಲಸಿದಂತೆ ಕಂಡರೆ ತಪ್ಪು ಟಿವಿಯದ್ದಲ್ಲ, ಈ ಒತ್ತಡದ್ದು.

ಮೂರನೆಯದು ಮನೆ. ಎಚ್‌ಡಿ ಬಾಕ್ಸ್‌ಗೆ ಹಣ ಕೊಟ್ಟು ಅದನ್ನು ಹಳದಿ, ಕೆಂಪು, ಬಿಳಿ ತಂತಿಯಲ್ಲೇ ಟಿವಿಗೆ ಜೋಡಿಸಿದ್ದರೆ ಬರುವುದು ಎಸ್‌ಡಿ ಚಿತ್ರವೇ. ಎಚ್‌ಡಿಎಂಐ ತಂತಿ ಹಾಕಿ, ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ 1080 ಆರಿಸಿದರೆ ಮಾತ್ರ ಕೊಟ್ಟ ಹಣಕ್ಕೆ ಬೆಲೆ. ಹಾಗೆಯೇ ಚಾನೆಲ್‌ನ ಎಸ್‌ಡಿ ರೂಪಕ್ಕೆ ಒಂದು ನಂಬರ್, ಎಚ್‌ಡಿ ರೂಪಕ್ಕೆ ಇನ್ನೊಂದು ನಂಬರ್ ಇರುತ್ತದೆ. ಎಚ್‌ಡಿಗೆ ಹಣ ಕಟ್ಟಿಯೂ ರೂಢಿಯ ಹಳೆಯ ನಂಬರ್ ಒತ್ತಿ ಎಸ್‌ಡಿಯನ್ನೇ ನೋಡುತ್ತಿರುವ ಸಾಧ್ಯತೆ ಕಡಿಮೆಯೇನಲ್ಲ.

ತಟ್ಟೆಗೆ ಆಕಾಶ ಕಾಣಬೇಕು

ಈ ಊರುಗಳಿಗೆ ಇನ್ನೂ ಎರಡು ತೊಡಕುಗಳಿವೆ. ಒಂದು ಮಳೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಬಿರುಮಳೆ ಅದನ್ನು ಹೀರಿ, ಚದುರಿಸಿಬಿಡುತ್ತದೆ. ಜುಲೈ ತಿಂಗಳಲ್ಲಿ ಕೊಂಕಣದ ಮಳೆ ಸುರಿಯುವಾಗ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಸಾಲು ಮೂಡುವುದು ಇದರಿಂದಲೇ. ತಟ್ಟೆ ಸ್ವಲ್ಪ ವಾಲಿದ್ದರೆ, ತಂತಿಯ ಜೋಡಣೆಗೆ ತುಕ್ಕು ಹಿಡಿದಿದ್ದರೆ ಬಿಸಿಲಿನಲ್ಲಿ ಅದು ಗೊತ್ತಾಗುವುದಿಲ್ಲ. ಮೊದಲ ಜೋರು ಮಳೆಗೆ ಗೊತ್ತಾಗುತ್ತದೆ. ಮಳೆಗಾಲಕ್ಕೆ ಮುನ್ನ ತಟ್ಟೆ ಪರೀಕ್ಷಿಸಿಕೊಳ್ಳುವುದು ಇದಕ್ಕಿರುವ ಸುಲಭ ಪರಿಹಾರ.

ಇನ್ನೊಂದು ಕಟ್ಟಡ. ಉದಾಹರಣೆಗೆ 83 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹವನ್ನು ಕಲ್ಯಾಣದಿಂದ ನೋಡುವುದಾದರೆ ತಟ್ಟೆ ದಕ್ಷಿಣದಿಂದ ತುಸು ಪೂರ್ವಕ್ಕೆ ತಿರುಗಿ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲಕ್ಕೆ ಮುಖ ಮಾಡಬೇಕು. ಉತ್ತರಕ್ಕೆ ಮಾತ್ರ ಬಾಲ್ಕನಿ ಇರುವ ಫ್ಲ್ಯಾಟ್‌ಗೆ ಆ ಆಕಾಶ ಕಾಣುವುದೇ ಇಲ್ಲ. ಅಂಥವರಿಗೆ ತಾರಸಿಯೇ ಗತಿ. ತಾರಸಿಗೆ ಹೌಸಿಂಗ್ ಸೊಸೈಟಿಯ ಒಪ್ಪಿಗೆ ಬೇಕು, ಕೆಳಗಿನ ಮಹಡಿವರೆಗೂ ತಂತಿ ಎಳೆಯಬೇಕು. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಡೊಂಬಿವಲಿ ಹೊರವಲಯದಲ್ಲಿ ಎದ್ದಿರುವ ಗೋಪುರದಂಥ ವಸತಿ ಸಮುಚ್ಚಯಗಳಲ್ಲಿ ಈ ತಾಪತ್ರಯ ಇನ್ನೂ ಹೆಚ್ಚು.

ತಟ್ಟೆ ಹಾಕಲಾಗದ ಮನೆಗೆ ಉಳಿಯುವುದು ಕೇಬಲ್. ಕನ್ನಡದ ಎಚ್‌ಡಿಗೆ ಹೆಚ್ಚಿನ ಅಡ್ಡಿ ಇರುವುದೂ ಅಲ್ಲೇ.

ಶೇ. 1ರ ಲೆಕ್ಕ

ಹಿಂದೆ ಕೇಬಲ್ ಅನಲಾಗ್ ಆಗಿದ್ದ ಕಾಲದಲ್ಲಿ ಯಾವ ಚಾನೆಲ್ ಹಾಕಬೇಕು ಎಂಬುದು ಬಹುಮಟ್ಟಿಗೆ ಏರಿಯಾದ ಕೇಬಲ್‌ನವರ ಕೈಯಲ್ಲಿತ್ತು. ಜಾಗ ಕಡಿಮೆ, ಕೇಳುವ ಭಾಷೆಗಳು ಹಲವು. ಡಿಜಿಟಲೀಕರಣ ಬಂದರೆ ನೂರಾರು ಚಾನೆಲ್‌ಗಳಿಗೆ ಜಾಗವಾಗುತ್ತದೆ, ಆಯ್ಕೆ ಗ್ರಾಹಕರದ್ದಾಗುತ್ತದೆ ಎಂದು ಹೇಳಲಾಯಿತು. ಮುಂಬೈ ಸೇರಿದಂತೆ ಮಹಾನಗರಗಳಲ್ಲಿ 2012ರ ಅಕ್ಟೋಬರ್ 31ರ ಗಡುವಿನೊಂದಿಗೆ ಅನಲಾಗ್ ಕೇಬಲ್ ನಿಂತಿತು. ಎರಡನೇ ಹಂತದ 38 ನಗರಗಳಿಗೆ 2013ರ ಮಾರ್ಚ್ 31 ಗಡುವು. ಬೆಂಗಳೂರು, ಮೈಸೂರುಗಳ ಜೊತೆ ಕಲ್ಯಾಣ-ಡೊಂಬಿವಲಿಯೂ ಆ ಪಟ್ಟಿಯಲ್ಲಿತ್ತು.

ಜಾಗವೇನೋ ಆಯಿತು. ಆದರೆ ಆ ಜಾಗಕ್ಕೆ ಬಾಡಿಗೆಯೂ ನಿಗದಿಯಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ರೂಪಿಸಿದ ನಿಯಮದಂತೆ, ವಾಹಿನಿಯೇ ಮುಂದಾಗಿ ಒಂದು ಜಾಲದಲ್ಲಿ ಜಾಗ ಕೇಳಿದರೆ ಕ್ಯಾರೇಜ್ ಶುಲ್ಕ ಕಟ್ಟಬೇಕು. ಆ ಜಾಲದ ಗ್ರಾಹಕರಲ್ಲಿ ಶೇ. 5ಕ್ಕಿಂತ ಕಡಿಮೆ ಜನ ಆ ಚಾನೆಲ್ ಪಡೆದಿದ್ದರೆ ಪೂರ್ಣ ಶುಲ್ಕ. ಪ್ರಮಾಣ ಏರಿದಂತೆ ಶುಲ್ಕ ಇಳಿಯುತ್ತದೆ. ಶೇ. 20 ತಲುಪಿದರೆ ಶುಲ್ಕವೇ ಇಲ್ಲ. ಪೂರ್ಣ ಶುಲ್ಕದ ಗರಿಷ್ಠ ದರ ಎಸ್‌ಡಿ ಚಾನೆಲ್‌ಗೆ ಪ್ರತಿ ಗ್ರಾಹಕರಿಗೆ ತಿಂಗಳಿಗೆ 20 ಪೈಸೆ, ಎಚ್‌ಡಿಗೆ 40 ಪೈಸೆ. ಇದನ್ನು ಚಾನೆಲ್ ಪಡೆದವರ ಮೇಲಷ್ಟೇ ಅಲ್ಲ, ಆ ಮಾರುಕಟ್ಟೆಯ ಎಲ್ಲ ಸಕ್ರಿಯ ಗ್ರಾಹಕರ ಮೇಲೆ ಲೆಕ್ಕ ಹಾಕಲಾಗುತ್ತದೆ.

ಈಗ ಕನ್ನಡದ ಸಂಖ್ಯೆ ನೋಡಿ. 2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ರಾಜ್ಯದ ಜನಸಂಖ್ಯೆ 11.24 ಕೋಟಿ. ಅಂದರೆ ಶೇ. 1ಕ್ಕೂ ಕಡಿಮೆ. ಆ 10 ಲಕ್ಷದಲ್ಲಿ ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರದಂಥ ಗಡಿ ಜಿಲ್ಲೆಗಳವರೂ ಇದ್ದಾರೆ. ಮುಂಬೈ ಕರಾವಳಿಯ ತುಳುವರ ಲೆಕ್ಕ ಬೇರೆ. ಮನೆಯಲ್ಲಿ ತುಳು ಮಾತನಾಡಿ ಟಿವಿಯಲ್ಲಿ ಕನ್ನಡ ನೋಡುವ ಮನೆಗಳು ಈ ಸಂಖ್ಯೆಯೊಳಗೆ ಬರುವುದಿಲ್ಲ.

ಒಂದು ಲಕ್ಷ ಗ್ರಾಹಕರಿರುವ ಕೇಬಲ್ ಜಾಲವೊಂದನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಅದರಲ್ಲಿ ಶೇ. 1ರಷ್ಟು, ಅಂದರೆ 1,000 ಮನೆಗಳು ಕನ್ನಡದ ಒಂದು ಎಚ್‌ಡಿ ಚಾನೆಲ್‌ಗೆ ತಿಂಗಳಿಗೆ 19 ರೂ. ಕೊಟ್ಟರೆ ಒಟ್ಟು 19,000 ರೂ. ಅದರಲ್ಲಿ ಕನಿಷ್ಠ ಶೇ. 20 ವಿತರಕರ ಪಾಲು. ವಾಹಿನಿಗೆ ಉಳಿಯುವುದು 15,200 ರೂ. ಆದರೆ ಎಚ್‌ಡಿ ದರದಲ್ಲಿ ವಾಹಿನಿ ಕಟ್ಟಬೇಕಾದ ಕ್ಯಾರೇಜ್ ಶುಲ್ಕ 40,000 ರೂ. ವರೆಗೂ ಹೋಗಬಹುದು. ಪ್ರತಿ ತಿಂಗಳೂ ಕೈಯಿಂದ ಹಣ ಹಾಕಿ ಡೊಂಬಿವಲಿಗೆ ಕನ್ನಡ ತಲುಪಿಸುವ ಉಮೇದು ಯಾವ ವಾಹಿನಿಗೆ ಇದ್ದೀತು?

ಜಾಹೀರಾತಿನಿಂದಲಾದರೂ ಆ ನಷ್ಟ ತುಂಬುತ್ತದೆಯೇ ಎಂದರೆ ಅದೂ ಕಷ್ಟ. ಕನ್ನಡ ವಾಹಿನಿಗಳ ವಾರದ ರೇಟಿಂಗ್ ಪೈಪೋಟಿ ನಡೆಯುವುದು ಕರ್ನಾಟಕ ಮಾರುಕಟ್ಟೆಯ ಲೆಕ್ಕದಲ್ಲಿ. ಬೆಂಗಳೂರಿನ ಆಭರಣ ಮಳಿಗೆಯ ಜಾಹೀರಾತಿಗೆ ಕಲ್ಯಾಣದ ಪ್ರೇಕ್ಷಕರಿಂದ ಲಾಭವಿಲ್ಲ. ಜಾಹೀರಾತುದಾರರ ಕಣ್ಣಿಗೆ ಈ ಮನೆಗಳು ಬೀಳುವುದೇ ಅಪರೂಪ.

2024ರ ಜುಲೈ 8ರಂದು ಟ್ರಾಯ್ ಹೊರಡಿಸಿದ ತಿದ್ದುಪಡಿ ಒಂದು ಗಂಟು ಬಿಡಿಸಿತು. ಕ್ಯಾರೇಜ್ ಶುಲ್ಕದಲ್ಲಿ ಎಚ್‌ಡಿ, ಎಸ್‌ಡಿ ಎಂಬ ಭೇದ ತೆಗೆದು ಒಂದೇ ದರ ಘೋಷಿಸಬೇಕು ಎಂದಿತು. ಎಚ್‌ಡಿ ಚಾನೆಲ್ ಹೊರುವ ಖರ್ಚು ಇಳಿಸುವುದೇ ಅದರ ಉದ್ದೇಶ. ಆದರೆ ಮೇಲಿನ ಉದಾಹರಣೆಗೆ ಹಳೆಯ ಎಸ್‌ಡಿ ದರವನ್ನೇ ಹಾಕಿದರೂ ಶುಲ್ಕ 20,000 ರೂ. ಆಗುತ್ತದೆ. ಆದಾಯ 15,200 ರೂ.ನಲ್ಲೇ ನಿಲ್ಲುತ್ತದೆ. ನಷ್ಟ ಕಡಿಮೆಯಾಯಿತು, ನೀಗಲಿಲ್ಲ.

ಕನ್ನಡಿಗರು ಈ ಪಟ್ಟಣಗಳಲ್ಲಿ ಚದುರಿ ಹೋಗಿಲ್ಲ ಎಂಬುದೂ ಗಮನಾರ್ಹ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಶಾಲೆ, ಕಾಲೇಜು ನಡೆಸುವಷ್ಟು ದೊಡ್ಡ ಸಮುದಾಯವಿದೆ. ನವಿ ಮುಂಬೈ, ಠಾಣೆ, ಕಲ್ಯಾಣಗಳಲ್ಲೂ ಕನ್ನಡ ಸಂಘಗಳಿವೆ. ಒಂದು ಬೀದಿಯಲ್ಲಿ, ಒಂದು ಸೊಸೈಟಿಯಲ್ಲಿ ಎಣಿಸಿದರೆ ಕನ್ನಡಿಗರ ಪ್ರಮಾಣ ಶೇ. 1ಕ್ಕಿಂತ ಎಷ್ಟೋ ಹೆಚ್ಚಿರಬಹುದು. ಆದರೆ ಕೇಬಲ್ ಕಂಪನಿ ತನ್ನ ಮಾರುಕಟ್ಟೆಯನ್ನು ಬೀದಿಯ ಲೆಕ್ಕದಲ್ಲಿ ಗುರುತಿಸುವುದಿಲ್ಲ. ಇಡೀ ರಾಜ್ಯವನ್ನೇ ಒಂದು ಮಾರುಕಟ್ಟೆ ಎಂದು ಗುರುತಿಸಲೂ ನಿಯಮ ಬಿಡುತ್ತದೆ. ಮಾರುಕಟ್ಟೆ ಹಿಗ್ಗಿದಷ್ಟೂ ಕನ್ನಡದ ಶೇಕಡಾವಾರು ಕುಗ್ಗುತ್ತದೆ.

ಹಾಸನದಿಂದ ಕಲ್ಯಾಣಕ್ಕೆ

ಉಪಗ್ರಹಕ್ಕೆ ಈ ಲೆಕ್ಕ ಬೇಕಿಲ್ಲ. ಅದರ ಕಿರಣ ದೇಶದ ಉದ್ದಗಲಕ್ಕೂ ಹರಡುತ್ತದೆ. ಕರ್ನಾಟಕದ ಪ್ರೇಕ್ಷಕರಿಗೆಂದು ಒಮ್ಮೆ ಮೇಲೆ ಕಳಿಸಿದ ಕನ್ನಡ ಎಚ್‌ಡಿ ಚಾನೆಲ್ ಕಲ್ಯಾಣದಲ್ಲೂ ಇಳಿಯಲು ಪ್ರಸಾರದ ಖರ್ಚು ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ಹೊರನಾಡ ಕನ್ನಡಿಗರಿಗೆ ಡಿಟಿಎಚ್ ಮುಖ್ಯವಾದದ್ದು ಇದಕ್ಕೇ.

ಇದರಲ್ಲಿ ಕನ್ನಡ ನಾಡಿಗೂ ಒಂದು ನಂಟಿದೆ. 2022ರ ಜೂನ್‌ನಲ್ಲಿ ಫ್ರೆಂಚ್ ಗಯಾನಾದ ಕೌರು ನೆಲೆಯಿಂದ ಹಾರಿದ ಜಿಸ್ಯಾಟ್-24 ಉಪಗ್ರಹದ 24 ಕೆಯು ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳ ಪೂರ್ಣ ಸಾಮರ್ಥ್ಯವನ್ನು ಟಾಟಾ ಪ್ಲೇ ಗುತ್ತಿಗೆ ಪಡೆದಿದೆ. ಇಸ್ರೋದ ಇಂಥ ಸಂಪರ್ಕ ಉಪಗ್ರಹಗಳ ನಿಗಾ ನೋಡಿಕೊಳ್ಳುವುದು 1982ರಿಂದ ಕೆಲಸ ಮಾಡುತ್ತಿರುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ.

ಸಿಗ್ನಲ್ ಇಲ್ಲಿವರೆಗೆ ಬಂದ ಮೇಲೆ ಉಳಿಯುವುದು ಪ್ಯಾಕ್. ಗಡಿ ಮತ್ತೆ ಕಾಣಿಸಿಕೊಳ್ಳುವುದು ಅಲ್ಲಿ. ಮಹಾರಾಷ್ಟ್ರದ ಗ್ರಾಹಕರಿಗೆಂದು ಜೋಡಿಸಿದ ಪ್ಯಾಕ್‌ನಲ್ಲಿ ಮರಾಠಿ ಮತ್ತು ಹಿಂದಿ. ಕನ್ನಡ ಪ್ಯಾಕ್ ತೆಗೆದುಕೊಂಡರೆ ಮರಾಠಿ ಇಲ್ಲ. ಮನೆಯ ಹಿರಿಯರಿಗೆ ಕನ್ನಡ ಬೇಕು. ಮಗು ಶಾಲೆಯಲ್ಲಿ ಮರಾಠಿ ಕಲಿಯುತ್ತದೆ. ಹಾಗಾಗಿ ಎರಡು ಪ್ಯಾಕ್ ಕೊಳ್ಳಬೇಕು, ಇಲ್ಲವೇ ಬಿಡಿ ಚಾನೆಲ್ ಸೇರಿಸಿಕೊಳ್ಳಬೇಕು.

ಬಿಡಿ ಚಾನೆಲ್ ಆರಿಸುವ ಹಕ್ಕು ಗ್ರಾಹಕರಿಗೆ ಇದೆ. 2019ರ ಆರಂಭದಲ್ಲಿ ಜಾರಿಗೆ ಬಂದ ಟ್ರಾಯ್ ದರ ಆದೇಶದ ಜೀವಾಳವೇ ಅದು: ನೋಡುವ ಚಾನೆಲ್‌ಗೆ ಮಾತ್ರ ಹಣ. ಆದರೆ ಎಚ್‌ಡಿಯ ಹಾದಿಯಲ್ಲಿ ಮೂರು ಮೆಟ್ಟಿಲುಗಳು ಉಳಿದುಕೊಂಡವು.

ಮೊದಲನೆಯದಾಗಿ, ಆಗ ನಿಗದಿಯಾದ 130 ರೂ. ಜಾಲ ಶುಲ್ಕಕ್ಕೆ 100 ಎಸ್‌ಡಿ ಚಾನೆಲ್‌ಗಳು. ತೆರಿಗೆ ಸೇರಿ 153.40 ರೂ. ಒಂದು ಎಚ್‌ಡಿ ಚಾನೆಲ್ ಎರಡು ಎಸ್‌ಡಿಗೆ ಸಮ ಎಂದು ಎಣಿಕೆ. ಎರಡನೆಯದಾಗಿ, ಒಂದೇ ವಾಹಿನಿಯ ಎಚ್‌ಡಿ ಮತ್ತು ಎಸ್‌ಡಿ ರೂಪಗಳನ್ನು ಒಂದೇ ಪ್ಯಾಕ್‌ನಲ್ಲಿ ಸೇರಿಸುವಂತಿಲ್ಲ. ಒಂದೇ ಕಾರ್ಯಕ್ರಮಕ್ಕೆ ಗ್ರಾಹಕರು ಎರಡು ಬಾರಿ ಹಣ ಕೊಡಬಾರದು ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಎಸ್‌ಡಿ ಪ್ಯಾಕ್ ಇಟ್ಟುಕೊಂಡೇ ಒಂದು ಕನ್ನಡ ಚಾನೆಲ್‌ನ ಎಚ್‌ಡಿ ಸೇರಿಸಿದರೆ ಎರಡಕ್ಕೂ ಹಣ ಕೊಟ್ಟಂತೆಯೇ. ಮೂರನೆಯದಾಗಿ, ರಿಯಾಯಿತಿಯೆಲ್ಲ ಪ್ಯಾಕ್‌ಗೆ. 2024ರ ತಿದ್ದುಪಡಿ ವಿತರಕರಿಗೆ ಪ್ಯಾಕ್ ಮೇಲೆ ಶೇ. 45ರವರೆಗೆ ರಿಯಾಯಿತಿ ಕೊಡಲು ಬಿಟ್ಟಿತು. ಮೊದಲು ಅದು ಶೇ. 15ಕ್ಕೆ ಸೀಮಿತವಾಗಿತ್ತು. ಬಿಡಿಯಾಗಿ ಕೊಳ್ಳುವವರಿಗೆ ಆ ಲಾಭವಿಲ್ಲ.

ಪ್ಯಾಕ್‌ಗೆ ಸೇರಬಹುದಾದ ಚಾನೆಲ್‌ನ ಗರಿಷ್ಠ ಬೆಲೆ 19 ರೂ. ಆ ಬೆಲೆಯನ್ನೇ ಹಿಡಿದರೆ ಕನ್ನಡದ ನಾಲ್ಕು ಮನರಂಜನಾ ಎಚ್‌ಡಿ ಚಾನೆಲ್‌ಗಳಿಗೆ ಬಿಡಿಯಾಗಿ 76 ರೂ. ಶೇ. 18 ಜಿಎಸ್‌ಟಿ ಸೇರಿ 89.68 ರೂ. ಅದಕ್ಕೆ 2019ರ ಜಾಲ ಶುಲ್ಕ ಸೇರಿಸಿದರೆ 243.08 ರೂ. ಇಷ್ಟಾದರೂ ಮರಾಠಿ, ಹಿಂದಿ, ಕ್ರೀಡೆ, ಮಕ್ಕಳ ಚಾನೆಲ್ ಯಾವುದೂ ಬಂದಿಲ್ಲ. ಮನೆಯಲ್ಲಿ ಎರಡನೇ ಟಿವಿ ಇದ್ದರೆ ಅದರ ಖರ್ಚು ಬೇರೆ.

ಹಾಗಾಗಿ ಹಲವರು ನಡುದಾರಿ ಹಿಡಿಯುತ್ತಾರೆ: ಕ್ರಿಕೆಟ್ ಮತ್ತು ಹಿಂದಿ ಎಚ್‌ಡಿಯಲ್ಲಿ, ಕನ್ನಡ ಎಸ್‌ಡಿಯಲ್ಲಿ. ಮಸುಕಾಗಿ ಕಾಣುವುದು ಕನ್ನಡ ಚಾನೆಲ್‌ನ ದೋಷವಲ್ಲ. ಮನೆಯ ಬಜೆಟ್‌ನಲ್ಲಿ ಕನ್ನಡಕ್ಕೆ ಸಿಕ್ಕ ಕೊನೆಯ ಸ್ಥಾನದ ಫಲ ಅದು.

ಆ್ಯಪ್ ಇದೆಯಲ್ಲ ಎನ್ನುವವರಿಗೆ

ಇಷ್ಟೆಲ್ಲ ತಾಪತ್ರಯ ಯಾಕೆ, ಆ್ಯಪ್‌ನಲ್ಲಿ ನೋಡಿದರಾಯಿತು ಎಂಬ ವಾದವಿದೆ. ಅದರಲ್ಲಿ ಹುರುಳೂ ಇದೆ. ಜಿಯೋಹಾಟ್‌ಸ್ಟಾರ್, ಜೀ5, ಸನ್ ನೆಕ್ಸ್ಟ್ ಆ್ಯಪ್‌ಗಳಲ್ಲಿ ಕನ್ನಡ ಧಾರಾವಾಹಿಗಳು ಯಾವ ಊರಿನಲ್ಲಿದ್ದರೂ ಸಿಗುತ್ತವೆ. ತಟ್ಟೆ ಬೇಡ, ಸೊಸೈಟಿಯ ಅನುಮತಿ ಬೇಡ, ಮಳೆಯ ಹಂಗಿಲ್ಲ. ಬ್ರಾಡ್‌ಬ್ಯಾಂಡ್ ಚೆನ್ನಾಗಿದ್ದರೆ ಚಿತ್ರವೂ ಸ್ಪಷ್ಟ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಕಪ್ ಎತ್ತಿದಾಗ ಮುಂಬೈ ಸೀಮೆಯ ಅಭಿಮಾನಿಗಳಿಗೆ ಕನ್ನಡ ಕಾಮೆಂಟರಿ ಕೇಳಲು ಮೊಬೈಲ್ ಸಾಕಿತ್ತು.

ಜನ ಆ ಕಡೆ ಹೊರಳುತ್ತಿರುವುದು ಅಂಕಿಅಂಶಗಳಲ್ಲೂ ಕಾಣುತ್ತದೆ. ಟ್ರಾಯ್ ಲೆಕ್ಕದಲ್ಲಿ 2020ರ ಕೊನೆಗೆ ಸುಮಾರು 7 ಕೋಟಿ ಇದ್ದ ಪಾವತಿ ಡಿಟಿಎಚ್‌ನ ಸಕ್ರಿಯ ಗ್ರಾಹಕರು 2025ರ ಮಾರ್ಚ್ ಹೊತ್ತಿಗೆ 5.69 ಕೋಟಿಗೆ ಇಳಿದಿದ್ದಾರೆ. ಒಂದು ಕಡೆ ಆ್ಯಪ್‌ಗಳು, ಇನ್ನೊಂದು ಕಡೆ ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್. ಫ್ರೀ ಡಿಶ್‌ನಲ್ಲಿ ದೂರದರ್ಶನದ ಚಂದನ ಸಿಗುತ್ತದೆ. ಖಾಸಗಿ ಕನ್ನಡ ವಾಹಿನಿಗಳ ಎಚ್‌ಡಿಗೆ ಅದು ಬದಲಿಯಲ್ಲ.

ಆದರೆ ಆ್ಯಪ್ ಎಲ್ಲರಿಗೂ ಹೊಂದುವುದಿಲ್ಲ. ರಿಮೋಟ್‌ನಲ್ಲಿ ನಾಲ್ಕು ಅಂಕಿ ಒತ್ತಿ ಧಾರಾವಾಹಿ ಹಾಕಿಕೊಳ್ಳುವ ಅಜ್ಜಿಗೆ ಲಾಗಿನ್, ಓಟಿಪಿ, ಅಪ್‌ಡೇಟ್ ಎಲ್ಲ ಬೇರೆಯವರ ಕೈ ಕಾಯುವ ಕೆಲಸ. ಒಂದೊಂದು ಆ್ಯಪ್‌ಗೆ ಒಂದೊಂದು ಚಂದಾ, ಅದರ ಮೇಲೆ ಬ್ರಾಡ್‌ಬ್ಯಾಂಡ್ ಬಿಲ್. ನೇರಪ್ರಸಾರ ಆ್ಯಪ್‌ನಲ್ಲಿ ಹಲವು ಸೆಕೆಂಡ್ ತಡ. ಡಿಟಿಎಚ್ ಇರುವ ಪಕ್ಕದ ಮನೆಯಲ್ಲಿ ಸಿಕ್ಸರ್‌ಗೆ ಕೇಕೆ ಎದ್ದಾಗ ಇಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಆ್ಯಪ್ ಒಬ್ಬೊಬ್ಬರ ಕೈಯ ಪರದೆ. ಹಾಲ್‌ನ ಟಿವಿ ಎಲ್ಲರದ್ದು. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್, ಬೀದಿಯಲ್ಲಿ ಹಿಂದಿ ಮಾತನಾಡುವ ಮಗುವಿನ ಕಿವಿಗೆ ಮನೆಯವರ ಮಾತಿನಾಚೆ ಕನ್ನಡ ಬೀಳುವ ಹೊತ್ತು ಹಾಲ್‌ನಲ್ಲಿ ಕನ್ನಡ ಚಾನೆಲ್ ಓಡುವ ಹೊತ್ತೇ.

ಗ್ರಾಹಕರು ಕಡಿಮೆಯಾದಂತೆ ಉಪಗ್ರಹದ ಬಾಡಿಗೆ ಕಡಿಮೆ ಜನರ ಮೇಲೆ ಬೀಳುತ್ತದೆ. ಆಗ ಕಂಪನಿಗಳ ಮುಂದಿರುವ ದಾರಿ ಎರಡು: ಚಾನೆಲ್‌ಗಳನ್ನು ಇನ್ನಷ್ಟು ಒತ್ತಿ ತುಂಬುವುದು, ಇಲ್ಲವೇ ಕಡಿಮೆ ನೋಡುಗರ ಎಚ್‌ಡಿಗಳನ್ನು ಕೈಬಿಡುವುದು. ಮೊದಲನೆಯದು ಚಿತ್ರ ಕೆಡಿಸುತ್ತದೆ. ಎರಡನೆಯದು ಆಯ್ಕೆ ಕಸಿಯುತ್ತದೆ. ಕರ್ನಾಟಕದಲ್ಲಿ ಬೇಡಿಕೆ ಇರುವವರೆಗೆ ಕನ್ನಡದ ದೊಡ್ಡ ವಾಹಿನಿಗಳಿಗೆ ಅಪಾಯವಿಲ್ಲ. ಆದರೆ ತಟ್ಟೆ ತೆಗೆದು ಕೇಬಲ್ ಅಥವಾ ಫೈಬರ್ ಜಾಲಕ್ಕೆ ಬದಲಾಗುವ ಕಲ್ಯಾಣದ ಮನೆ ಮತ್ತೆ ಶೇ. 1ರ ಲೆಕ್ಕದೊಳಗೆ ಬಂದು ಬೀಳುತ್ತದೆ.

ಏನು ಮಾಡಬಹುದು?

2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಮಾಧ್ಯಮ ವ್ಯವಹಾರಗಳು ಒಂದಾದವು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಜಿಯೋಸ್ಟಾರ್ ಅಡಿ ಇವೆ. ಅದೇ ಕಂಪನಿಯ ಬಳಿ ಮರಾಠಿ ವಾಹಿನಿಗಳೂ ಇವೆ. ಜೀ ಬಳಗದಲ್ಲೂ ಕನ್ನಡ, ಮರಾಠಿ ಎರಡಿವೆ. ಮರಾಠಿ ಮತ್ತು ಕನ್ನಡ ಎಚ್‌ಡಿ ಕೂಡಿದ ಪ್ಯಾಕ್ ಮಾಡಲು ತಾಂತ್ರಿಕ ಅಡ್ಡಿಯೇನಿಲ್ಲ. ಮಹಾರಾಷ್ಟ್ರದ ಕನ್ನಡಿಗರಿಗೆ ಒಪ್ಪುವ ಅದೇ ಪ್ಯಾಕ್ ಬೆಳಗಾವಿಯ ಮನೆಗಳಿಗೂ ಒಪ್ಪುತ್ತದೆ. ಜಾಲ ಶುಲ್ಕವನ್ನು ಪ್ರದೇಶಕ್ಕೆ ತಕ್ಕಂತೆ, ಗ್ರಾಹಕ ವರ್ಗಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯವನ್ನು 2024ರ ತಿದ್ದುಪಡಿ ವಿತರಕರಿಗೆ ಕೊಟ್ಟಿದೆ. ಈ ಸ್ವಾತಂತ್ರ್ಯ ವಲಸೆ ಕುಟುಂಬಗಳ ಪರವಾಗಿಯೂ ಬಳಕೆಯಾಗಬಹುದು.

ನಿಯಂತ್ರಕರ ಕಡೆಯಿಂದ ಬೇಕಿರುವುದು ಒಂದು ಸಣ್ಣ ತಿದ್ದುಪಡಿ. ಅಲ್ಪಸಂಖ್ಯಾತ ಭಾಷೆಯ ಚಾನೆಲ್‌ಗಳ ಕ್ಯಾರೇಜ್ ಲೆಕ್ಕವನ್ನು ಇಡೀ ರಾಜ್ಯಕ್ಕೆ ಹಾಕದೆ ನಗರ ಅಥವಾ ಸ್ಥಳೀಯ ಜಾಲದ ಮಟ್ಟದಲ್ಲಿ ಹಾಕಬೇಕು. ಡೊಂಬಿವಲಿಯ ಕನ್ನಡಿಗರನ್ನು ಡೊಂಬಿವಲಿಯಲ್ಲೇ ಎಣಿಸಿದರೆ ಚಿತ್ರಣ ಬದಲಾಗುತ್ತದೆ. ಬೆಂಗಳೂರಿನ ಮರಾಠಿ, ತಮಿಳು, ಬಂಗಾಳಿ ಮನೆಗಳಿಗೂ ಇದೇ ನ್ಯಾಯ ಸಿಗುತ್ತದೆ.

ಗ್ರಾಹಕರ ಕೈಯಲ್ಲೂ ಕೆಲವು ಕೆಲಸಗಳಿವೆ. ರೀಚಾರ್ಜ್ ಮಾಡುವಾಗ ಕಂಪನಿ ಮುಂದಿಟ್ಟ ಪ್ಯಾಕ್ ಒಪ್ಪುವ ಮೊದಲು ಬಿಡಿ ಚಾನೆಲ್‌ಗಳ ಬೆಲೆಪಟ್ಟಿ ನೋಡಿ. ಎಚ್‌ಡಿ ಪಡೆದ ಚಾನೆಲ್‌ನ ಎಸ್‌ಡಿ ರೂಪವೂ ಬಿಲ್‌ನಲ್ಲಿದ್ದರೆ ತೆಗೆಸಿ. ನೋಡದ ಚಾನೆಲ್‌ಗಳನ್ನು ಬಿಡಿಸಿದರೆ ಉಳಿಯುವ ಹಣದಲ್ಲಿ ಒಂದೆರಡು ಕನ್ನಡ ಎಚ್‌ಡಿ ಬರಬಹುದು. ಕೇಬಲ್‌ನಲ್ಲಿ ಕನ್ನಡ ಎಚ್‌ಡಿ ಇಲ್ಲದಿದ್ದರೆ ಒಬ್ಬೊಬ್ಬರೇ ಕೇಳುವ ಬದಲು ಸೊಸೈಟಿ ಅಥವಾ ಕನ್ನಡ ಸಂಘದ ಮೂಲಕ ಎಷ್ಟು ಮನೆಗಳಿಗೆ ಬೇಕು ಎಂಬ ಪಟ್ಟಿ ಕೊಟ್ಟು ಕೇಳಬಹುದು. ಕೇಬಲ್ ಕಂಪನಿಯೇ ಮುಂದಾಗಿ ಚಾನೆಲ್ ಕೇಳಿ ಪಡೆದರೆ ಕ್ಯಾರೇಜ್ ಶುಲ್ಕದ ಪ್ರಶ್ನೆಯೇ ಏಳುವುದಿಲ್ಲ. ಕಂಪನಿ ಮುಂದಾಗಲು ಅದಕ್ಕೆ ಸಂಖ್ಯೆ ಕಾಣಬೇಕು. ಜನಗಣತಿಯ ಶೇ. 1ಕ್ಕಿಂತ 200 ಮನೆಗಳ ಸಹಿ ಇರುವ ಹಾಳೆ ಕೇಬಲ್ ಕಚೇರಿಯಲ್ಲಿ ಹೆಚ್ಚು ತೂಗುತ್ತದೆ.

ಹಾಸನದ ನಿಗಾದಲ್ಲಿರುವ ಉಪಗ್ರಹ ರಾಜ್ಯ ಯಾವುದೆಂದು ಕೇಳದೆ ಕನ್ನಡದ ಚಿತ್ರವನ್ನು ಕಲ್ಯಾಣದ ಛಾವಣಿಯವರೆಗೆ ತಂದು ಕೊಡುತ್ತಿದೆ. ಅಲ್ಲಿಂದ ಹಾಲ್‌ನ ಟಿವಿವರೆಗಿನ ಹತ್ತು ಮೀಟರ್ ದಾರಿಯನ್ನು ಸರಿಪಡಿಸಬೇಕಾದವರು ಪ್ಯಾಕ್ ಜೋಡಿಸುವವರು, ನಿಯಮ ಬರೆಯುವವರು ಮತ್ತು ಪ್ರತಿ ತಿಂಗಳು ಹಣ ಕಟ್ಟುವವರು.